ವೀಸಾ ಬೇಡದ ಊರಿಗೆ

ತಾನ್ಸೇನ್, ನೇಪಾಳ
9 ನವೆಂಬರ್ 2025

ಅಪ್ಪನವರಿಗೆ ಸೋನಾಲಿಯ ನಮಸ್ಕಾರ.

ಕನ್ನಡ ಬರೆಯದೆ ಮೂರೂವರೆ ವರ್ಷವಾಯಿತು. ಒತ್ತಕ್ಷರಗಳು ತಪ್ಪಿದ್ದರೆ ಕ್ಷಮಿಸಿ. ಶಾಲೆಯಲ್ಲಿದ್ದಾಗ ನೀವು ತಿದ್ದಿದ ಕೈಬರಹ ಇದು, ನಿಮಗೆ ಗುರುತು ಸಿಕ್ಕೇ ಸಿಗುತ್ತದೆ ಎಂಬ ಧೈರ್ಯದಿಂದ ಲಕೋಟೆಯ ಮೇಲೆ ನನ್ನ ಹೆಸರು ಹಾಕಿಲ್ಲ.

ನಿಮ್ಮ ನಂಬರಿಗೆ ಎಷ್ಟು ಸಲ ಮಾಡಿದರೂ ಹತ್ತುವುದಿಲ್ಲ. ಅದಕ್ಕೇ ನೀವು ಕಾವಲಿರುವ ಹೌಸಿಂಗ್ ಸೊಸೈಟಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಲ್ಲಿಗೆ ಬರುವ ಟಪಾಲೆಲ್ಲ ಮೊದಲು ನಿಮ್ಮ ಕ್ಯಾಬಿನ್ನಿಗೇ ಬರುತ್ತದೆಂದು ಗೊತ್ತು.

ಪುಣೆಯ ವಿಮಾನ ನಗರದ ಹೋಟೆಲಿನಲ್ಲಿ ನಾನು ಬಿಲ್ ಹಾಕುವಾಗ ಅಡುಗೆಮನೆಯಲ್ಲಿದ್ದ ಖೀಮ್‌ನನ್ನು ಮದುವೆಯಾದದ್ದು, ನಿಮಗೆ ಹೇಳದೆ ಹೊರಟು ಬಂದದ್ದು, ಇವನ್ನೆಲ್ಲ ಈ ಕಾಗದದಲ್ಲಿ ಎತ್ತುವುದಿಲ್ಲ. ಒಂದು ಸುದ್ದಿ ಮಾತ್ರ ಹೇಳಬೇಕು. ನನಗೆ ಮಗಳು ಹುಟ್ಟಿದ್ದಾಳೆ. ಹದಿನೇಳು ತಿಂಗಳಾಯಿತು. ಗೋಡೆ ಹಿಡಿಯದೆ ನಡೆಯುತ್ತಾಳೆ.

ನೀವೂ ಅವ್ವನೂ ಒಂದು ವಾರಕ್ಕಾದರೂ ಬಂದು ಹೋಗಿ. ನೇಪಾಳಕ್ಕೆ ಬರಲು ನಮ್ಮವರಿಗೆ ವೀಸಾ ಬೇಡ. ಗುಡ್ಡದ ಮೇಲಿನ ಸಣ್ಣ ಊರು ಇದು. ಚೌಕದ ಹತ್ತಿರ ನಮ್ಮದೊಂದು ಚಹಾ-ಮೋಮೋ ಅಂಗಡಿ ಇದೆ. ಖೀಮ್ ನಿಮಗೆ ನಮಸ್ಕಾರ ತಿಳಿಸಿದ್ದಾನೆ.

ಕೆಳಗೆ ನನ್ನ ವಿಳಾಸವನ್ನೂ ನಂಬರನ್ನೂ ಬರೆದಿದ್ದೇನೆ.

ಸೋನಾಲಿ


ಕೋಥರೂಡ, ಪುಣೆ
30 ನವೆಂಬರ್ 2025

ಸೋನಾಲಿಗೆ,

ಕಾಗದ ಮುಟ್ಟಿತು. ಹದಿನಾರು ದಿನ ಹಿಡಿದಿದೆ.

ನಾವು ಚೆನ್ನಾಗಿದ್ದೇವೆ. ನಿನ್ನವ್ವ ಈಗಲೂ ಮೂರು ಮನೆಯ ಅಡುಗೆ ಮಾಡುತ್ತಾಳೆ. ನನಗೆ ಹಗಲು ಪಾಳಿ ಸಿಕ್ಕಿದೆ.

ಪರದೇಶಕ್ಕೆ ಹೋಗಿ ಬರುವುದು ನಮ್ಮಂಥವರ ಕೆಲಸವಲ್ಲ. ವೀಸಾ ಬೇಡ ಎಂದು ನೀನು ಸುಲಭವಾಗಿ ಬರೆದುಬಿಟ್ಟೆ. ಪಾಸ್‌ಪೋರ್ಟ್ ಬೇಡವೇ? ನಮ್ಮ ಇಬ್ಬರ ಹತ್ತಿರವೂ ಇಲ್ಲ. ಈ ಸೊಸೈಟಿಯ ಜನ ಥಾಯ್ಲೆಂಡಿಗೆ ಏಳು ದಿನ ಹೋಗುವಾಗ ನೋಡಿದ್ದೇನೆ. ಅವರಿಗೂ ವೀಸಾ ಬೇಡವಂತೆ. ಆದರೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು, ತಿರುಗಿ ಬರುವ ಟಿಕೆಟು ತೋರಿಸಬೇಕು, ಉಳಿಯುವ ಹೋಟೆಲಿನ ಚೀಟಿ ಬೇಕು, ಮೊಬೈಲಿನಲ್ಲಿ ಅದೇನೋ ಫಾರ್ಮು ತುಂಬಬೇಕು. ಎರಡನೆಯ ಮಹಡಿಯ ಅಜ್ಜಿಯ ಪಾಸ್‌ಪೋರ್ಟಿಗೆ ಐದೇ ತಿಂಗಳು ಉಳಿದಿತ್ತು. ಮುಂಬಯಿ ವಿಮಾನ ನಿಲ್ದಾಣದಿಂದ ಸೂಟ್‌ಕೇಸಿನ ಸಮೇತ ತಿರುಗಿ ಬಂದಳು. ಗೇಟು ತೆಗೆದವನು ನಾನೇ.

ಆದ್ದರಿಂದ ಬರುವುದು ಆಗುವುದಿಲ್ಲ.

ಫೋನು ಬೇಡ. ಬರೆಯುವುದಿದ್ದರೆ ಬರೆ. ಮನೆಯಲ್ಲಿ ನನಗೆ ‘ನೀನು’ ಅನ್ನುತ್ತಿದ್ದವಳು ‘ನೀವು’ ಎಂದು ಬರೆದಿದ್ದೀಯ. ಇರಲಿ.

ಕೂಸಿನ ಹೆಸರು ಬರೆಯುವುದನ್ನು ಮರೆತಿದ್ದೀಯ.

ತಾಯಪ್ಪ


ತಾನ್ಸೇನ್
18 ಡಿಸೆಂಬರ್ 2025

ಅಪ್ಪಾ,

ಹೆಸರು ಮಾನ್ಯಾ. ಮನೆಯಲ್ಲಿ ಮಾನಿ ಅನ್ನುತ್ತೇವೆ. ಅವ್ವನ ಹೆಸರು ಮಾನಮ್ಮ ಅಲ್ಲವೇ, ಅದರ ‘ಮಾನ್’ ಇಟ್ಟುಕೊಂಡು ಮುಂದಿನದನ್ನು ಬದಲಿಸಿದೆ. ಮರೆತಿರಲಿಲ್ಲ, ನೀನು ಕೇಳುತ್ತೀಯೋ ಇಲ್ಲವೋ ನೋಡಬೇಕಾಗಿತ್ತು.

ನಿನ್ನ ಕಾಗದ ಹಿಡಿದುಕೊಂಡು ಇಲ್ಲಿನ ಟಿಕೆಟ್ ಕೌಂಟರಿನವರ ಹತ್ತಿರ ಹೋಗಿ ಒಂದೊಂದಾಗಿ ಕೇಳಿಕೊಂಡು ಬಂದೆ. ಥಾಯ್ಲೆಂಡಿನ ನಿಯಮ ಥಾಯ್ಲೆಂಡಿಗೆ. ನೇಪಾಳಕ್ಕೆ ಭಾರತದವರು ಪಾಸ್‌ಪೋರ್ಟ್ ಇಲ್ಲದೆಯೂ ಬರಬಹುದು. ವಿಮಾನದಲ್ಲಿ ಬಂದರೆ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡು, ಎರಡರಲ್ಲಿ ಒಂದು ಇರಲೇಬೇಕು, ಅದೂ ಅಸಲಿ ಪ್ರತಿ. ಆಧಾರ್ ಕಾರ್ಡನ್ನು ಒಪ್ಪುವುದಿಲ್ಲ. ಆದರೆ ಅರವತ್ತೈದು ದಾಟಿದವರಿಗೆ, ಹದಿನೈದರೊಳಗಿನ ಮಕ್ಕಳಿಗೆ ಅದೂ ನಡೆಯುತ್ತದೆ. ನೀನು ಹೇಗೂ ಪುಣೆಯಲ್ಲಿ ಓಟು ಹಾಕುತ್ತೀಯ, ಕಾರ್ಡು ಇದೆ.

ವಿಮಾನ ಬೇಡವಾದರೆ ಪುಣೆಯಿಂದ ಗೋರಖಪುರಕ್ಕೆ ರೈಲು ಇದೆ. ಅಲ್ಲಿಂದ ಸುನೌಲಿ ಗಡಿಗೆ ಬಸ್ಸು. ಗೇಟನ್ನು ನಡೆದೇ ದಾಟುವುದು. ಫೋಟೋ ಇರುವ ಗುರುತಿನ ಚೀಟಿ ಕೈಯಲ್ಲಿರಬೇಕು. ಆಚೆ ಬುಟ್ವಲ್‌ವರೆಗೆ ಬಸ್ಸಿನಲ್ಲಿ ಬಂದರೆ ನಾನೇ ಬಂದು ಕರೆದುಕೊಳ್ಳುತ್ತೇನೆ.

ಹೋಟೆಲಿನ ಚೀಟಿ ಯಾರೂ ಕೇಳುವುದಿಲ್ಲ, ಕೇಳಿದರೆ ನನ್ನ ಮನೆ ಇದೆ.

ಖೀಮ್‌ನ ನಮಸ್ಕಾರ. ಅವ್ವ ಏನನ್ನುತ್ತಾಳೆ? ನಿನ್ನ ಕಾಗದದಲ್ಲಿ ಅವಳದೊಂದು ಮಾತೂ ಇರಲಿಲ್ಲ.

ಸೋನಾಲಿ


ಕೋಥರೂಡ, ಪುಣೆ
10 ಜನವರಿ 2026

ಸೋನಾಲಿಗೆ,

ಹೆಸರು ಚೆನ್ನಾಗಿದೆ.

ನೀನು ಬರೆದದ್ದನ್ನು ಖಾತ್ರಿ ಮಾಡಿಕೊಳ್ಳಲು ಮಂಗಳವಾರ ರಜೆ ಹಾಕಿ ಸದಾಶಿವ ಪೇಠಕ್ಕೆ ಹೋಗಿದ್ದೆ. ಅಲ್ಲಿ ಯಾತ್ರೆ-ಟೂರು ನಡೆಸುವ ಒಂದು ಅಂಗಡಿ ಇದೆ. ಬಾಗಿಲಿನ ಮೇಲೆಲ್ಲ ‘ವೀಸಾ ಇಲ್ಲದೆ ಐದು ದಿನ’ ಎಂಬ ಬೋರ್ಡುಗಳು. ಅವಿನಾಶ್ ಎಂಬ ಗುಮಾಸ್ತ ಕೂತಿದ್ದ. ನನ್ನ ವಾಚ್‌ಮನ್ ಶರ್ಟು ನೋಡಿ, ಯಾರೋ ಸಾಹೇಬರ ಕೆಲಸಕ್ಕೆ ಬಂದಿದ್ದೇನೆ ಅಂದುಕೊಂಡು “ಕಾಕಾ, ಪಾರ್ಸೆಲ್ ಕಾ?” ಎಂದು ಮರಾಠಿಯಲ್ಲಿ ಕೇಳಿದ, ಪಾರ್ಸೆಲ್ ತಂದೆಯೇನು ಎಂದು. ಇಲ್ಲಪ್ಪ, ನಾನೇ ಹೋಗುವವನು ಎಂದಮೇಲೆ ಕುರ್ಚಿ ಕೊಟ್ಟ.

ನನ್ನ ವೋಟರ್ ಕಾರ್ಡು ಸರಿ ಇದೆ ಎಂದ. ತೊಂದರೆ ಇರುವುದು ನಿನ್ನವ್ವನ ಕಾಗದಗಳಲ್ಲಿ. ಅವಳ ವೋಟರ್ ಕಾರ್ಡು ಸುರಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಮಾಡಿಸಿದ್ದು, ಎಲ್ಲಿ ಹೋಯಿತೋ ತಿಳಿಯದು. ಆಧಾರ್ ಇದೆ. ಅದರಲ್ಲಿ ಹುಟ್ಟಿದ ದಿನ ಜನವರಿ ಒಂದು, 1964. ನಾವು ಬಾಣೇರಿನ ಕಟ್ಟಡದಲ್ಲಿ ಗೋಡೆಗೆ ಗಿಲಾವ್ ಮಾಡುವಾಗ ಶಿಬಿರ ಹಾಕಿ ಕಾರ್ಡು ಕೊಟ್ಟರಲ್ಲ, ಆ ದಿನ ನಮ್ಮ ಗುಂಪಿನ ಹದಿನಾಲ್ಕು ಜನರಿಗೂ ಜನವರಿ ಒಂದೇ ಹುಟ್ಟಿದ ದಿನವಾಯಿತು. ಲೆಕ್ಕ ಹಾಕಿದರೆ ಕಾರ್ಡಿನಲ್ಲಿ ಅವಳಿಗೆ ಅರವತ್ತೆರಡು. ಖರೆ ವಯಸ್ಸು ಅರವತ್ತಾರರ ಮೇಲಿದೆ. ನಾರಾಯಣಪುರದ ಡ್ಯಾಮಿಗೆ ಮಣ್ಣು ಹೊರುವಾಗ ಅವಳಿಗೆ ಇಪ್ಪತ್ತು ದಾಟಿತ್ತು. ಆಮೇಲೆ ಹದಿನೆಂಟು ವರ್ಷ ಕಾದ ಮೇಲೆ ನೀನು ಹುಟ್ಟಿದ್ದು. ಇದನ್ನೆಲ್ಲ ಅವಿನಾಶನಿಗೆ ಹೇಳಿದೆ. ಅವನು ಪೂರ್ತಿ ಕೇಳಿ, “ಕಾಕಾ, ತುಮಚಂ ಖರಂ ಆಹೇ, ಪಣ ಕಾರ್ಡ್ ಕಾಯ್ ಮ್ಹಣತಂ?” ಅಂದ. ನಿಮ್ಮದು ನಿಜ, ಆದರೆ ಕಾರ್ಡು ಏನು ಹೇಳುತ್ತದೆ ಎಂದು.

ಹೀಗಿದೆ ನೋಡು. ವಯಸ್ಸು ತಿದ್ದಿಸಬೇಕೆಂದರೆ ಜನನ ದಾಖಲೆ ಬೇಕು. ಅವಳು ಹುಟ್ಟಿದ ಊರಿನಲ್ಲಿ ಅಂಥದ್ದನ್ನು ಯಾರೂ ಬರೆದಿಡಲಿಲ್ಲ.

ಸದ್ಯಕ್ಕೆ ಆಗುವುದಿಲ್ಲ. ಕೂಸಿಗೆ ಚಳಿಗಾಲದಲ್ಲಿ ಕಿವಿ ಮುಚ್ಚಿ ಟೊಪ್ಪಿಗೆ ಹಾಕು. ಗುಡ್ಡದ ಊರು ಅಂದಿದ್ದೀಯ.

ಅಪ್ಪ


ತಾನ್ಸೇನ್
29 ಜನವರಿ 2026

ಅಪ್ಪಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಸಿಟ್ಟು ಬಂತು.

ಮತ್ತೆ ವಿಚಾರಿಸಿದ್ದೇನೆ. ವಿಮಾನದವರು ಕೂಡ ಗಂಡ-ಹೆಂಡತಿ ಕೂಡಿ ಬಂದರೆ ಇಬ್ಬರ ಹತ್ತಿರವೂ ವೋಟರ್ ಕಾರ್ಡು ಕೇಳುವುದಿಲ್ಲ. ಒಬ್ಬರ ಹತ್ತಿರ ಇದ್ದರೆ ಸಾಕು. ಇನ್ನೊಬ್ಬರು ಫೋಟೋ ಇರುವ ಬೇರೆ ಯಾವುದಾದರೂ ಚೀಟಿ ತೋರಿಸಿ, ತಾವು ಅವರ ಮನೆಯವರೇ ಎಂದು ತಿಳಿಸಿಕೊಡಬೇಕು. ರೇಷನ್ ಕಾರ್ಡು ಸಾಕು. ರಸ್ತೆಯಲ್ಲಿ ಬಂದರೆ ಇದಕ್ಕಿಂತಲೂ ಸುಲಭ. ನಿನ್ನ ಅವಿನಾಶನಿಗೆ ಇದು ಗೊತ್ತಿರಲಿಲ್ಲವೋ, ನೀನೇ ಪೂರ್ತಿ ಕೇಳಲಿಲ್ಲವೋ?

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಶಾಲೆಯವರು ಜಾತಿ ಪ್ರಮಾಣಪತ್ರ ಕೇಳಿದರು. ನೀನು ಕೆಲಸ ಬಿಟ್ಟು ಸುರಪುರಕ್ಕೆ ಹೋಗಿ, ತಹಸೀಲಿಯ ಮೆಟ್ಟಿಲ ಮೇಲೆ ಮಲಗಿ, ಮೂರು ದಿನದಲ್ಲಿ ತಂದುಕೊಟ್ಟೆ. ಮನಸ್ಸು ಮಾಡಿದರೆ ನಿನಗೆ ಯಾವ ಕಾಗದವೂ ಅಡ್ಡ ಬರುವುದಿಲ್ಲ.

ಅವ್ವ ಬರಲು ಒಪ್ಪುತ್ತಿಲ್ಲ. ಅಷ್ಟೇ ವಿಷಯ. ಅದನ್ನು ಬಾಯಿಬಿಟ್ಟು ಹೇಳು. ಅವಳ ಸಿಟ್ಟನ್ನು ಕಾರ್ಡಿನ ಹಿಂದೆ ಬಚ್ಚಿಡಬೇಡ. ಹೊರಟು ಬಂದ ಮೇಲೆ ಎಂಟು ದಿನ ಅವಳ ಫೋನಿಗಾಗಿ ಕಾದೆ. ಮಾನಿ ಹುಟ್ಟಿದಾಗ ಬೇನೆಯಲ್ಲಿ ಅವಳ ಹೆಸರು ಕೂಗಿದೆನಂತೆ, ನನ್ನ ಅತ್ತೆ ಹೇಳಿದಳು. ಇನ್ನು ಕೂಗುವುದಿಲ್ಲ.

ಇದು ನನ್ನ ಕೊನೆಯ ಕಾಗದ ಎಂದು ಅವಳಿಗೆ ತಿಳಿಸು.

ಸೋನಾಲಿ


ಕೋಥರೂಡ, ಪುಣೆ
22 ಮಾರ್ಚ್ 2026

ಸೋನಾಲಿ,

ನಿನ್ನ ಕಾಗದ ಬಂದು ಐದು ವಾರವಾಯಿತು. ಉತ್ತರ ಬರೆಯಲು ಕೂತು ನಾಲ್ಕು ಸಲ ಹರಿದೆ.

ನಿನ್ನವ್ವನಿಗೆ ಏನೂ ಗೊತ್ತಿರಲಿಲ್ಲ. ನೀನು ಬರೆದ ಮೂರು ಕಾಗದಗಳೂ ಕ್ಯಾಬಿನ್ನಿನ ಡ್ರಾಯರಿನಲ್ಲಿದ್ದವು. ಅಷ್ಟೇ ಅಲ್ಲ. ನೀನು ಮನೆ ಬಿಟ್ಟು ಹೋದ ವರ್ಷ ಅವಳು ದಿನಾಲೂ ನಿನ್ನ ನಂಬರು ಕೇಳುತ್ತಿದ್ದಳು. “ಅಕಿಗೇ ನಮ್ಮ ಸಂಬಂಧ ಬ್ಯಾಡಂತ. ನಂಬರ್ ಬದಲ್ ಮಾಡ್ಯಾಳ” ಎಂದು ಹೇಳಿಬಿಟ್ಟಿದ್ದೆ. ಓದಲು ಬಾರದವಳು, ನನ್ನ ಮಾತನ್ನೇ ನಂಬಿದಳು. ನಿನ್ನ ನಂಬರನ್ನು ಫೋನಿನಲ್ಲಿ ಬ್ಲಾಕ್ ಮಾಡಿಸಿದವನು ನಾನು. ಅವಳು ಒಂದು ದಿನವೂ ನಿನ್ನ ಮೇಲೆ ಸಿಟ್ಟು ಮಾಡಿದವಳಲ್ಲ.

“ಇನ್ನು ಕೂಗುವುದಿಲ್ಲ” ಎಂದು ಬರೆದಿದ್ದೆಯಲ್ಲ, ಅದನ್ನು ಇಟ್ಟುಕೊಂಡು ಬಾಳುವುದು ನನ್ನಿಂದ ಆಗಲಿಲ್ಲ. ಹೋದ ಭಾನುವಾರ ಮಧ್ಯಾಹ್ನ ಅವಳು ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಳು. ಎದುರಿಗೆ ಕೂತು ಮೂರೂ ಕಾಗದ ಓದಿದೆ. ಮೊದಲನೆಯದು ಮುಗಿಯುವ ಮುಂಚೆಯೇ ಸೊಪ್ಪು ಸೋಸುವುದನ್ನು ನಿಲ್ಲಿಸಿದಳು.

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ.

“ಎಷ್ಟ್ ದಿನ ಆಯ್ತು ಇವು ಬರ್ಲಕತ್ತಿ?” ಎಂದು ಕೇಳಿದಳು.

“ನಾಕ್ ತಿಂಗಳ.”

“ಕೂಸಿನ ಹೆಸರ ಇನ್ನೊಮ್ಮಿ ಓದ್ರಿ.”

ಓದಿದೆ. ಮತ್ತೊಮ್ಮೆ ಓದಿಸಿದಳು. ಆಮೇಲೆ ಸೊಪ್ಪಿನ ಪುಟ್ಟಿ ಪಕ್ಕಕ್ಕೆ ಸರಿಸಿ, “ನಾಕ್ ವರ್ಷ ನನ್ನ ಕಣ್ಣಿಗಿ ಮಣ್ಣ ಹಾಕೀರಿ. ಈಗ ಟಿಕೀಟ ತಗಸ್ರಿ” ಎಂದಳು. ವಯಸ್ಸಿನ ಮಾತು ಎತ್ತಿದೆ. “ಈ ಊರಾಗ ಎಷ್ಟ್ ಮಾಳಿಗಿ ಕಟ್ಟೀನಿ, ಒಬ್ಬರರೆ ಹುಟ್ಟಿದ ದಿನ ಕೇಳ್ಯಾರೇನು?” ಎಂದವಳೇ ಎದ್ದು ಹೋದಳು.

ಮರುದಿನ ಮೂರೂ ಮನೆಗಳಲ್ಲಿ ಹೇಳಿ ಬಂದಿದ್ದಾಳೆ: ಮಗಳ ಮನೆಗೆ ಹೋಗುತ್ತೇನೆ, ಎಂಟು ದಿನ ಬರುವುದಿಲ್ಲ ಎಂದು. ಕೇಳಿದವರಿಗೆಲ್ಲ ಹೇಳುತ್ತಿದ್ದಾಳೆ. ನಾನು ಇಷ್ಟು ವರ್ಷ, ಯಾರಾದರೂ ಕೇಳಿದರೆ, ನನಗೆ ಮಕ್ಕಳಿಲ್ಲ ಎಂದು ಹೇಳಿಕೊಂಡು ಬಂದವನು.

ಏಪ್ರಿಲ್ ಹದಿನಾಲ್ಕಕ್ಕೆ ರೈಲು. ಹದಿನಾರಕ್ಕೆ ಗಡಿ ದಾಟುತ್ತೇವೆ. ಬುಟ್ವಲ್ ಬಸ್ ನಿಲ್ದಾಣಕ್ಕೆ ಬಾ.

ಅಪ್ಪ


ಕೋಥರೂಡ, ಪುಣೆ
26 ಏಪ್ರಿಲ್ 2026

ಸೋನಾಲಿ,

ನಿನ್ನವ್ವ ತಲುಪಿದ್ದನ್ನು ಫೋನಿನಲ್ಲಿ ಹೇಳಿದಳು. ನೀನೂ ಮಾತಾಡಿದೆ. “ಕಾರ್ಡು ಸಿಕ್ತೇನಪ್ಪಾ?” ಎಂದು ಕೇಳಿದೆ. ಸಿಗಲಿಲ್ಲ ಎಂದು ನಾನು ಹೇಳಿದೆ. ಹಿಂದೆ ಮಾನಿಯ ದನಿ ಕೇಳುತ್ತಿತ್ತು. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಸುನೌಲಿಯಲ್ಲಿ ಆ ದಿನ ಬೆಳಿಗ್ಗೆ ಸಂತೆಗೆ ಹೋಗುವವರ ಹಾಗೆ ಜನ ದಾಟುತ್ತಿದ್ದರು. ಸೈಕಲ್ಲು, ರಿಕ್ಷಾ, ತಲೆಯ ಮೇಲೆ ಗಂಟು. ಗಂಟು-ಮೂಟೆ ದೊಡ್ಡದಿದ್ದವರನ್ನು ಒಬ್ಬ ಪೊಲೀಸ್ ನಿಲ್ಲಿಸಿ ಚೀಟಿ ನೋಡುತ್ತಿದ್ದ. ಮುಂದಿನವರಿಗೆಲ್ಲ ಎರಡೇ ಮಾತು ಕೇಳುತ್ತಿದ್ದ: ಎಲ್ಲಿಗೆ? ಯಾರ ಹತ್ತಿರ?

ನಮ್ಮ ಪಾಳಿಗೆ ಇನ್ನು ಐದಾರು ಜನ ಇದ್ದಾಗ ನಾನು ನಿಂತುಬಿಟ್ಟೆ.

ನಿನಗೆ ಒಂದು ಸಂಗತಿ ಗೊತ್ತಿರಲಿಕ್ಕಿಲ್ಲ. ನೀನು ಹೋದಾಗ ನಾನು ಠಾಣೆಗೆ ಹೋಗಿದ್ದೆ. ಹುಡುಗಿ ವಯಸ್ಸಿಗೆ ಬಂದವಳು, ತನ್ನ ಇಷ್ಟದಿಂದ ಹೋಗಿದ್ದಾಳೆ ಎಂದು ಅವರು ಹೇಳಿದರು. ಆಗ ನಾನೇ ಒಂದು ಹಾಳೆ ಬೇಡಿ ಬರೆದುಕೊಟ್ಟೆ. ಇವತ್ತಿನಿಂದ ಇವಳಿಗೂ ನನಗೂ ಸಂಬಂಧವಿಲ್ಲ, ಇವಳು ನನ್ನ ಮಗಳಲ್ಲ ಎಂದು. ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದೆ. ಯಾರೂ ಕೇಳಿರಲಿಲ್ಲ.

ಯಾರ ಹತ್ತಿರ ಎಂದು ಆ ಪೊಲೀಸ್ ಕೇಳಿದರೆ ಏನು ಹೇಳಲಿ? ಮಗಳು ಎಂಬ ಮಾತು ನನ್ನ ಬಾಯಿಂದ ಬರಬೇಕಲ್ಲ. ಬಂದರೂ, ಅದಾದ ಮೇಲೆ ನಿನ್ನೆದುರಿಗೆ ನಿಲ್ಲಬೇಕಲ್ಲ.

“ನನ್ನ ಕಾರ್ಡ್ ಕಾಣವಲ್ದು. ಗೋರಖಪುರದಾಗ ಬಿದ್ದಿರಬೇಕು” ಎಂದೆ. ನಿನ್ನವ್ವ ನನ್ನ ಮುಖವನ್ನೇ ನೋಡಿದಳು. “ನೀ ಹೋಗು. ಬಂದದ್ದು ವ್ಯರ್ಥ ಆಗಬಾರದು” ಎಂದೆ. ತಾನ್ಸೇನಿಗೇ ಹೋಗುವ ಒಬ್ಬ ಹೆಣ್ಣುಮಗಳು ಪಾಳಿಯಲ್ಲಿದ್ದಳು, ಹಿಂದಿ ಬರುತ್ತಿತ್ತು. ಅವಳ ಕೈಗೆ ನಿನ್ನ ನಂಬರಿನ ಚೀಟಿ ಕೊಟ್ಟು ಇವಳನ್ನು ಒಪ್ಪಿಸಿದೆ.

ಪೊಲೀಸ್ ಆಧಾರ್ ನೋಡಿ, “ಕಿಧರ್, ಮಾಯಿ?” ಎಂದ. ನಿನ್ನವ್ವ, ಇಡೀ ಪಾಳಿಗೆ ಕೇಳುವ ಹಾಗೆ, “ಬೇಟಿ ಕೇ ಘರ್” ಎಂದಳು, ಮಗಳ ಮನೆಗೆ ಎಂದು. ಅವನು ಹುಟ್ಟಿದ ವರ್ಷ ಓದಲೂ ಇಲ್ಲ. ಹೋಗು ಎಂದು ಕೈ ಮಾಡಿದ.

ಕಾರ್ಡು ನನ್ನ ಅಂಗಿಯ ಒಳಜೇಬಿನಲ್ಲೇ ಇತ್ತು, ಸೋನಾಲಿ.

ಎರಡು ದಿನದ ದಾರಿ ಹೋಗಿ, ಎರಡು ದಿನದ ದಾರಿ ತಿರುಗಿ ಬಂದೆ. ವೋಟರ್ ಕಾರ್ಡು, ವಯಸ್ಸು, ಅವಿನಾಶ್ ಎಂದು ನಾನು ಬರೆದದ್ದೆಲ್ಲ ನಿಜವೇ. ಆದರೆ ನಾನು ಗಡಿಯ ಈಚೆಗೇ ಉಳಿದದ್ದು ಅವುಗಳಿಂದಲ್ಲ.

ಅವಳು ಹೇಳಿ ಬಂದ ಎಂಟು ದಿನ ಆಗಲೇ ಕಳೆದಿವೆ, ನಿನ್ನವ್ವನನ್ನು ಗೋರಖಪುರದ ರೈಲಿಗೆ ಹತ್ತಿಸಿ ತಿಳಿಸು. ಇಲ್ಲಿ ಸ್ಟೇಷನ್ನಿಗೆ ಬಂದು ಕರೆದುಕೊಳ್ಳುತ್ತೇನೆ.

ತಾಯಪ್ಪ


ತಾನ್ಸೇನ್
13 ಮೇ 2026

ಅಪ್ಪಾ,

ನಿನ್ನ ಕಾಗದವನ್ನು ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಕೂತು ಅವ್ವನಿಗೆ ಓದಿ ಹೇಳಿದೆ. ಒಳಜೇಬು ಎಂಬಲ್ಲಿಗೆ ಬಂದಾಗ ಅವಳು ನಕ್ಕಳು.

“ಗೊತ್ತದ. ಸುನೌಲ್ಯಾಗ ಚಾ ಕುಡದು ರೊಕ್ಕ ತಗಿಯೋ ಮುಂದ ಕಾರ್ಡ್ ಅಲ್ಲೇ ಇತ್ತು. ನೋಡೀನಿ” ಎಂದಳು.

“ಮತ್ತ ಯಾಕ ಹೇಳ್ಲಿಲ್ಲ?”

“ಹೇಳಿದ್ರ ನಾಚಿಕೊಂಡು ನನ್ನೂ ಹೊಳ್ಳಿ ಕರಕೊಂಡು ಹೋಗ್ತಿದ್ರು. ಒಬ್ಬರರೆ ದಾಟಬೇಕಲ್ಲ.”

ಠಾಣೆಯ ಆ ಹಾಳೆ ನನಗೆ ಗೊತ್ತಿತ್ತು. ಮರುದಿನ ನಮ್ಮಿಬ್ಬರನ್ನೂ ಹೇಳಿಕೆಗೆ ಕರೆದಾಗ ಹವಾಲ್ದಾರ ಅದನ್ನು ಓದಿ ಹೇಳಿದ. ನಿನ್ನ ಅಕ್ಷರ ದೂರದಿಂದಲೇ ಗುರುತು ಸಿಕ್ಕಿತು. ಸಾಲು ನೇರವಾಗಿತ್ತು, ಒಂದಕ್ಷರವನ್ನೂ ಹೊಡೆದುಹಾಕಿರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು. ನವೆಂಬರಿನಲ್ಲಿ ಮೊದಲ ಕಾಗದ ಬರೆಯುವಾಗಲೂ ಅದು ನೆನಪಿತ್ತು. ಆದರೂ ಬರೆದೆ. ಯಾಕೆ ಬರೆದೆ ಎಂಬುದನ್ನು ನಾನೂ ಮುಚ್ಚಿಟ್ಟಿದ್ದೆ.

ಖೀಮ್ ಇಲ್ಲಿಲ್ಲ. ಹೋದ ಸೆಪ್ಟೆಂಬರಿನಲ್ಲಿ ಕತಾರಿಗೆ ಅಡುಗೆ ಕೆಲಸಕ್ಕೆ ಹೋದ, ಎರಡು ವರ್ಷದ ಕರಾರು. ಅತ್ತೆಯೂ ನಾನೂ ಅಂಗಡಿ ನೋಡಿಕೊಳ್ಳುತ್ತೇವೆ. ಅತ್ತೆಗೆ ಮೊಣಕಾಲು ನೋವು, ಮಾನಿಯೋ ಒಂದು ಕಡೆ ನಿಲ್ಲುವವಳಲ್ಲ. ನಿನಗೆ ತಿಳಿಸಿದ ನಮಸ್ಕಾರಗಳೆಲ್ಲ ನಾನೇ ಅವನ ಪರವಾಗಿ ಬರೆದದ್ದು. ಗೊತ್ತಾದರೆ ‘ನೋಡು, ಬಿಟ್ಟು ಹೋದ’ ಅನ್ನುತ್ತೀರಿ ಎಂಬ ಹೆದರಿಕೆ. ಬಿಟ್ಟು ಹೋಗಿಲ್ಲಪ್ಪ, ಪ್ರತಿ ಶುಕ್ರವಾರ ಫೋನು ಮಾಡುತ್ತಾನೆ. ಆದರೆ ಒಬ್ಬಳಿಗೇ ಸಾಕಾಗಿತ್ತು.

ಬುಟ್ವಲ್‌ನಲ್ಲಿ ಬಸ್ಸಿನಿಂದ ಇಳಿದ ಅವ್ವ ಮೊದಲು ನನ್ನನ್ನು ನೋಡಲಿಲ್ಲ, ನನ್ನ ಕಂಕುಳಲ್ಲಿದ್ದ ಮಾನಿಯನ್ನು ನೋಡಿದಳು. ಆಮೇಲೆ ನನ್ನ ಕೈ ಹಿಡಿದು ತಿರುಗಿಸಿ ಮೋಮೋ ಪಾತ್ರೆಯ ಸುಟ್ಟ ಗುರುತುಗಳನ್ನು ನೋಡಿದಳು. ಮನೆಗೆ ಬಂದ ಸಂಜೆಯೇ, “ಅಂವ ಎಲ್ಲಿ?” ಎಂದು ಕೇಳಿದಳು. ಹೇಳಿದೆ. “ಹೂಂ” ಎಂದು ಸೆರಗು ಸಿಕ್ಕಿಸಿ ಪಾತ್ರೆ ತೊಳೆಯಲು ಕೂತಳು. ಇವತ್ತಿನವರೆಗೆ ಆ ಮಾತು ಮತ್ತೆ ಎತ್ತಿಲ್ಲ.

ಇಲ್ಲಿ ಜೋಳ ಸಿಗುವುದಿಲ್ಲ. ಗೋವಿನಜೋಳದ ಹಿಟ್ಟಿನಲ್ಲೇ ರೊಟ್ಟಿ ತಟ್ಟುತ್ತಾಳೆ. ಅತ್ತೆಗೆ ಕನ್ನಡ ಬಾರದು, ಅವ್ವನಿಗೆ ನೇಪಾಳಿ ಬಾರದು. ಇಬ್ಬರೂ ಇಡೀ ದಿನ ಮಾತಾಡುತ್ತಾರೆ.

ಅವಳನ್ನು ರೈಲಿಗೆ ಹತ್ತಿಸು ಎಂದಿದ್ದೀಯ. ನಾನು ಹೇಳಿ ನೋಡಿದೆ. ಒಪ್ಪುವುದಿಲ್ಲ. “ಕರಕೊಂಡು ಹೋಗ್ಲಿಕ್ಕಿ ನಿಮ್ಮಪ್ಪನೇ ಬರಬೇಕು. ಮನಿತನಕ ಬರಬೇಕು, ಗೇಟಿನತನಕ ಅಲ್ಲ” ಎನ್ನುತ್ತಾಳೆ. ಎಷ್ಟು ದಿನ ಹೀಗೆ ಕೂರುತ್ತೀ ಎಂದು ಕೇಳಿದರೆ, ಎಷ್ಟು ದಿನ ಇರಬಹುದು ಎಂದು ನನ್ನನ್ನೇ ಕೇಳಿದಳು. ಮತ್ತೆ ಹೋಗಿ ವಿಚಾರಿಸಿದೆ. ಥಾಯ್ಲೆಂಡಿನ ಹಾಗೆ ಇಲ್ಲಿ ನಮ್ಮವರಿಗೆ ದಿನದ ಮಿತಿ ಇಲ್ಲ, ಅಪ್ಪಾ.

ನೀನು ಬರೆದುಕೊಟ್ಟ ಹಾಳೆಗೆ ನಾನು ಸಹಿ ಮಾಡಿರಲಿಲ್ಲ. ಬಾ.

ಸೋನಾಲಿ


ಕೋಥರೂಡ, ಪುಣೆ
29 ಮೇ 2026

ನನ್ನ ಮಗಳು ಸೋನಾಲಿಗೆ,

ನಿನ್ನೆ ಸಂಜೆ ಸೊಸೈಟಿಯ ಸೆಕ್ರೆಟರಿ ಹತ್ತಿರ ಹದಿನೈದು ದಿನದ ರಜೆ ಕೇಳಿದೆ. ಏಪ್ರಿಲಿನಲ್ಲಿ ಹೋಗಿ ಬಂದೆಯಲ್ಲ, ಮತ್ತೆ ಎಲ್ಲಿಗೆ ಎಂದು ಕೇಳಿದರು. “ಮುಲೀಕಡೆ” ಎಂದೆ. ಮಗಳ ಹತ್ತಿರ ಎಂದು. ಅವರು ರಿಜಿಸ್ಟರಿನಿಂದ ತಲೆ ಎತ್ತಿ, “ತಾಯಪ್ಪಾ, ನಿನಗೆ ಮಗಳಿದ್ದಾಳೆಯೇ?” ಎಂದರು. ಒಂಬತ್ತು ವರ್ಷದಿಂದ ಅವರ ಗೇಟು ಕಾಯುತ್ತಿದ್ದೇನೆ. ಇದ್ದಾಳೆ ಎಂದೆ. ನೇಪಾಳದಲ್ಲಿದ್ದಾಳೆ, ಅಳಿಯ ಕತಾರಿನಲ್ಲಿದ್ದಾನೆ, ಮೊಮ್ಮಗಳಿಗೆ ಎರಡು ತುಂಬುತ್ತದೆ ಎಂದೆ. ಹೇಳುತ್ತ ಹೇಳುತ್ತ ನಿಲ್ಲಿಸಲು ಆಗಲಿಲ್ಲ. ನಿಮ್ಮ ಅಂಗಡಿ ಚೌಕದ ಹತ್ತಿರ ಇದೆ ಎಂಬುದನ್ನೂ ಹೇಳಿಬಿಟ್ಟೆ. ಅವರು ರಜೆಯ ಚೀಟಿಗೆ ಸಹಿ ಮಾಡಿ ಕೈಯಲ್ಲಿ ಹಿಡಿದುಕೊಂಡೇ ಕಾಯುತ್ತಿದ್ದರು.

ಜೂನ್ ನಾಲ್ಕಕ್ಕೆ ಹೊರಡುತ್ತೇನೆ. ಬುಟ್ವಲ್‌ಗೆ ಬರಬೇಡ, ಕೂಸನ್ನು ಬಿಸಿಲಿಗೆ ತರಬೇಡ ಎಂದು ಫೋನಿನಲ್ಲೂ ಹೇಳುತ್ತೇನೆ. ಕೇಳಿಕೊಂಡು ಮನೆಗೇ ಬರುತ್ತೇನೆ.

ಟಪಾಲು ಹದಿನಾರು ದಿನ ಹಿಡಿಯುತ್ತದೆ. ಇದು ಮುಟ್ಟುವ ಹೊತ್ತಿಗೆ ನಾನು ಅಲ್ಲೇ ಇರುತ್ತೇನೆ. ಆಗ ಇದನ್ನು ಒಡೆಯಬೇಡ ಎಂದು ಲಕೋಟೆಯ ಮೇಲೂ ಬರೆಯುತ್ತೇನೆ. ನನ್ನ ಕೈಗೆ ಕೊಡು, ನಾನೇ ಓದಿ ಹೇಳುತ್ತೇನೆ.

ನಿನ್ನ ಅಪ್ಪ